ಯಾರು ಊದಿದ್ದು? ಕರಾವಳಿಯ ಕೊಳಲನ್ನು ಉಳಿಸುವ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಒಂದು ಕಡೆ ಹಳೆಯ ಧ್ವನಿಸುರುಳಿಗಳನ್ನು ತುಂಬಿಟ್ಟಿದ್ದ ಕಪಾಟನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅದರಲ್ಲೊಂದು ಅರುವತ್ತು ನಿಮಿಷದ ಕ್ಯಾಸೆಟ್. ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಿಂದ ‘ಕೊರಗರ ಕೊಳಲು, ಡೋಲು’ ಎಂದು ಬರೆದಿತ್ತು. ಊರಿನ ಹೆಸರಿಲ್ಲ, ತಾರೀಕಿಲ್ಲ, ಊದಿದವರು ಯಾರೆಂದಿಲ್ಲ. ಅದೇ ಸಾಲಿನ ಮಿಕ್ಕ ಕ್ಯಾಸೆಟ್‌ಗಳ ಮೇಲೆ ಭಾಗವತರ ಹೆಸರು, ಮದ್ದಳೆಗಾರರ ಹೆಸರು, ಪ್ರಸಂಗ, ಮೇಳ ಎಲ್ಲವೂ ಚೊಕ್ಕವಾಗಿ ಇದ್ದವು. ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು. ಒರೆಸಿ ಹಾಕಿದಾಗ ಮೊದಲು ಡೋಲಿನ ಭಾರದ ಪೆಟ್ಟು ಕೇಳಿತು, ಆಮೇಲೆ ಆ ಪೆಟ್ಟುಗಳ ಸಂದಿನಿಂದ ನುಸುಳಿಕೊಂಡು ಕೊಳಲು ಬಂತು. ನಡುವೆ ಯಾರೋ ಕೆಮ್ಮಿದರು. ಒಂದೆರಡು ಮಾತು ಆಡಿದರು. ಅದು ತುಳುವಾಗಿರಲಿಲ್ಲ, ನನಗೆ ತಿಳಿಯಲಿಲ್ಲ. ಮತ್ತೆ ಕೊಳಲು.

ಆ ದಿನದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು: ಈ ಸಂಗೀತ ಉಳಿದಿದೆ ಎನ್ನಬಹುದೆ? ಸದ್ದು ಉಳಿದಿದೆ, ನಿಜ. ಆದರೆ ಊದಿದವರು ಯಾರು, ಯಾರಿಂದ ಕಲಿತರು, ಆ ಧಾಟಿಗೆ ಅವರ ಮನೆಯಲ್ಲಿ ಏನೆನ್ನುತ್ತಾರೆ, ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ, ಈ ಕ್ಯಾಸೆಟ್ ಇರುವುದು ಅವರಿಗೆ ಗೊತ್ತೆ? ಇವಕ್ಕೆ ಉತ್ತರವಿಲ್ಲದೆ ಹೋದರೆ ನಮ್ಮ ಕೈಯಲ್ಲಿರುವುದು ಬರಿಯ ಪ್ಲಾಸ್ಟಿಕ್ ಪೆಟ್ಟಿಗೆ. ಕರಾವಳಿಯ ಜಾನಪದ ಸಂಗೀತವನ್ನು ಉಳಿಸುವ ಕೆಲಸ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ. ಅದರಲ್ಲಿ ಏನು ಸಿಕ್ಕಿತು, ಏನು ತಪ್ಪಿಹೋಯಿತು ಎಂದು ಈ ಒಂದು ಕೊಳಲನ್ನು ಹಿಡಿದುಕೊಂಡೇ ನೋಡಬೇಕೆಂದು ನನಗೆ ಅನಿಸುತ್ತದೆ.

ಮಂಗಳೂರು ಊದುವವರ ಊರು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದರು, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, ಆಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಸಂಗೀತ ಉಳಿಯುವುದೇ ಎಂಬ ಚಿಂತೆ ಯಾರಿಗೂ ಇಲ್ಲ. ಕ್ಯಾಸೆಟ್, ಸಿ.ಡಿ., ಸಿನಿಮಾ, ರೇಡಿಯೊ ಎಲ್ಲೆಡೆ ಅವರಿದ್ದಾರೆ, ಶಿಷ್ಯರೂ ಇದ್ದಾರೆ. ಅವರು ತೆರೆದ ದಾರಿಯಲ್ಲಿ ಇಂದು ದಕ್ಷಿಣ ಕನ್ನಡದ ಮದುವೆ, ಜಾತ್ರೆ, ದೈವಗಳ ನೇಮಗಳಲ್ಲಿ ಸ್ಯಾಕ್ಸೊಫೋನ್ ಕೇಳುತ್ತದೆ. ಅದು ನಾಗಸ್ವರ ಇದ್ದ ಜಾಗಕ್ಕೆ ಬಂದು ಕೂತಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ವಾದ್ಯ ಬದಲಾಗುವುದು ಸಂಗೀತದ ಬದುಕಿನ ಗುಣ. ಆದರೆ ತನಿಯಪ್ಪನವರ ಪೀಳಿಗೆಯ ನಾಗಸ್ವರದವರು ನೇಮದ ರಾತ್ರಿ ಏನು ಊದುತ್ತಿದ್ದರು ಎಂದು ಕೇಳಿದರೆ ಕೈಗೆ ಸಿಗುವುದು ತೀರ ಕಡಿಮೆ. ದೈವದ ಪಾತ್ರಿ ಗಗ್ಗರ ಕಟ್ಟುವಾಗ ಒಂದು ಧಾಟಿ, ನಲಿಕೆಗೆ ಮತ್ತೊಂದು, ಕಳೆ ಏರುವಾಗ ಇನ್ನೊಂದು. ಇದು ವಾದ್ಯದವರಿಗೆ ಬಾಯಿಪಾಠ. ನಾವು ಅದನ್ನು ಬರೆದೂ ಇಡಲಿಲ್ಲ, ಬೇರೆಯಾಗಿ ಮುದ್ರಿಸಿಯೂ ಇಡಲಿಲ್ಲ. ಪಾತ್ರಿಯ ಕಡೆಗೇ ಎಲ್ಲರ ಕಣ್ಣು, ದೈವದ ಕತೆ ಹಾಡುವ ಪಾಡ್ದನದ ಕಡೆಗೇ ಎಲ್ಲರ ಕಿವಿ.

ನಾಗಸ್ವರದವರ ಸ್ಥಿತಿಯೇ ಹೀಗಿರುವಾಗ ಕರಾವಳಿಯ ಬುಡಕಟ್ಟು ಜನರಾದ ಕೊರಗರ ಕೊಳಲಿನ ಸ್ಥಿತಿಯನ್ನು ಊಹಿಸಬಹುದು.

ಸಂಗ್ರಹದ ಕತೆ ಮೊದಲಾಗುವುದು ಮಿಶನರಿಗಳಿಂದ, ಬ್ರಿಟಿಷ್ ಅಧಿಕಾರಿಗಳಿಂದ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲೇ ತುಳು ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಎ.ಸಿ. ಬರ್ನೆಲ್ ಕಲೆಹಾಕಿದ ಭೂತಾರಾಧನೆಯ ಸಾಮಗ್ರಿ ಅವರು ತೀರಿಕೊಂಡ ಮೇಲೆ, 1894ರಿಂದ 1897ರ ವರೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತುಕಂತಾಗಿ ಬಂತು. ಇವರಿಗೆ ನಾವು ಋಣಿಗಳು. ಆದರೆ ಅವರು ಹಿಡಿದದ್ದು ಮಾತನ್ನು. ಹಾಡಿನ ಧಾಟಿ ಅಕ್ಷರಕ್ಕೆ ಸಿಗಲಿಲ್ಲ, ಮಾತೇ ಇಲ್ಲದ ವಾದ್ಯ ಅವರ ಲೆಕ್ಕಕ್ಕೇ ಬರಲಿಲ್ಲ. ಕೊರಗರ ಬಗ್ಗೆ ಬರೆದವರ ಕಣ್ಣಂತೂ ಬೇರೆ ಕಡೆ ಇತ್ತು. ವಾಲ್‌ಹೌಸ್ 1875ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಎಲೆ ಉಡುವ ಬುಡಕಟ್ಟು ಎಂದು. 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಥರ್ಸ್‌ಟನ್ನರ ಏಳು ಸಂಪುಟಗಳು ಬಂದಾಗ ಅದರಲ್ಲಿಯೂ ಕೊರಗರಿಗೆ ಜಾಗ ಸಿಕ್ಕಿತು. ಉಡುಗೆ, ಕಟ್ಟುಪಾಡು, ಜನರ ಮೈಕಟ್ಟು, ಎಲ್ಲ ಇದೆ. ಒಬ್ಬ ಕೊರಗ ಕೊಳಲುಗಾರ ಒಂದು ಧಾಟಿಯನ್ನು ಹೇಗೆ ಎತ್ತಿಕೊಂಡು ಎಲ್ಲಿ ಇಳಿಸುತ್ತಾನೆ ಎಂದು ತಿಳಿಯಬೇಕಾದರೆ ಆ ಪುಟಗಳಿಂದ ಏನೂ ಸಿಗುವುದಿಲ್ಲ.

ಧ್ವನಿಮುದ್ರಣ ಬಂದ ಮೇಲೆ ವಾದ್ಯದವರಿಗೂ ಒಂದು ಅವಕಾಶ ತೆರೆಯಿತು. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ತಿರುಗಿ ಈಗಿನ ತಮಿಳುನಾಡು, ಕೇರಳ, ಕರ್ನಾಟಕಗಳ ಹಾಡು ಕುಣಿತಗಳನ್ನು ಮುದ್ರಿಸಿದರು, ಚಿತ್ರೀಕರಿಸಿದರು. ನನಗೆ ಬಾಕೆಗಿಂತಲೂ ಮುಖ್ಯವಾಗಿ ಕಾಣುವವರು ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್. ಅವರು 1984ರಲ್ಲಿ ಬಾಕೆಯ ಮುದ್ರಣಗಳನ್ನು ಹೊತ್ತುಕೊಂಡು ಅವೇ ಊರುಗಳಿಗೆ ಹೋದರು. ಹಾಡಿದವರನ್ನು, ಇಲ್ಲವೆ ಅವರ ಮಕ್ಕಳನ್ನು ಹುಡುಕಿ ಕೇಳಿಸಿದರು. ಸುಮಾರು ಅರ್ಧ ಶತಮಾನದಲ್ಲಿ ಏನೇನು ಬದಲಾಯಿತೆಂದು ಕೇಳಿದರು. ಮುದ್ರಿಸಿಕೊಂಡು ಹೋಗುವುದು ಮಾತ್ರವಲ್ಲ, ಹಿಂದಿರುಗಿ ಬಂದು ಕೇಳಿಸುವುದೂ ಸಂಗ್ರಹಕಾರನ ಕೆಲಸ ಎಂದು ತೋರಿಸಿಕೊಟ್ಟ ಪ್ರಯತ್ನ ಅದು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಕಟ್ಟಿದ, ಈಗ ಗುರುಗ್ರಾಮದಲ್ಲಿರುವ ಸಂಗೀತ ಸಂಗ್ರಹಾಲಯದ ಹಿಂದೆಯೂ ಇದೇ ವಿಚಾರವಿತ್ತು: ಹೊರದೇಶದವರು ಇಲ್ಲಿ ಮುದ್ರಿಸಿಕೊಂಡು ಹೋದದ್ದರ ಒಂದು ಪ್ರತಿ ಈ ದೇಶದಲ್ಲಿ ಇರಬೇಕು.

ನಮ್ಮ ಹತ್ತಿರದ ದೊಡ್ಡ ಕೆಲಸ ಆದದ್ದು ಉಡುಪಿಯಲ್ಲಿ. ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ಎಂ.ಜಿ.ಎಂ. ಕಾಲೇಜಿನಲ್ಲಿ ಎದ್ದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಫೋರ್ಡ್ ಫೌಂಡೇಶನ್ನಿನ ನೆರವು ಪಡೆದು ಭೂತಾರಾಧನೆ, ಯಕ್ಷಗಾನ, ಪಾಡ್ದನಗಳನ್ನು ದಾಖಲಿಸಿತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಇಲ್ಲಿಗೆ ಬಂದರು. ಅವರು, ಆನೆಲಿ ಹೊಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಸೇರಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಎಂಬ ತುಳು ಮೌಖಿಕ ಕಾವ್ಯವನ್ನು ಹಾಡಿಸಿ ಮುದ್ರಿಸಿದರು. 15,683 ಸಾಲುಗಳು. 1998ರಲ್ಲಿ ಅದು ಹೆಲ್ಸಿಂಕಿಯಿಂದ ಎರಡು ಸಂಪುಟಗಳಾಗಿ ಹೊರಬಂತು, ಜತೆಗೆ ಅದನ್ನು ಪಠ್ಯವಾಗಿಸಿದ ಬಗೆಯನ್ನು ವಿವರಿಸುವ ಇನ್ನೊಂದು ದಪ್ಪ ಗ್ರಂಥ.

ಈ ಕೆಲಸದಲ್ಲಿ ನಾನು ತಲೆಬಾಗುವುದು ಸಾಲಿನ ಸಂಖ್ಯೆಗೆ ಅಲ್ಲ. ಅಲ್ಲಿ ಮೊದಲ ಪುಟದಿಂದಲೇ ಗೋಪಾಲ ನಾಯ್ಕರು ಇದ್ದಾರೆ. ಇದು ‘ತುಳುವರ ಸಿರಿ’ ಅಲ್ಲ, ಗೋಪಾಲ ನಾಯ್ಕರು ಹಾಡಿದ ಸಿರಿ. ಅವರು ಯಾರಿಂದ ಕಲಿತರು, ಸಿರಿಜಾತ್ರೆಯಲ್ಲಿ ಹಾಡುವುದಕ್ಕೂ ವಿದ್ವಾಂಸರ ಮುಂದೆ ಕುಳಿತು ಹೇಳುವುದಕ್ಕೂ ಏನು ವ್ಯತ್ಯಾಸ, ಒಂದೇ ಭಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಹೇಗೆ ಹೇಳುತ್ತಾರೆ ಎಂಬುದನ್ನೆಲ್ಲ ಕೇಳಿದ್ದಾರೆ. ಜಾನಪದವೆಂದರೆ ಎಲ್ಲರದೂ ಹೌದು, ಆದ್ದರಿಂದ ಯಾರದೂ ಅಲ್ಲ ಎಂಬ ಸೋಮಾರಿ ನಂಬಿಕೆಯನ್ನು ಆ ಗ್ರಂಥಗಳು ಮುರಿದವು. ಆದರೂ ಒಂದು ಮಾತು ಹೇಳಲೇಬೇಕು. ಓದುಗನ ಕೈಗೆ ಬಂದದ್ದು ಮತ್ತೆ ಪದವೇ. ಗೋಪಾಲ ನಾಯ್ಕರ ಉಸಿರು, ಏರಿಳಿತ, ಸಾಲಿನ ಕೊನೆಯ ಎಳೆತ ಧ್ವನಿಸುರುಳಿಯಲ್ಲಿ ಉಳಿದವು. ಕಾವ್ಯಕ್ಕೆ ಮಾತಿನ ಆಸರೆಯಾದರೂ ಇದೆ. ಕೊಳಲಿಗೆ ಅದೂ ಇಲ್ಲ.

ಹೆಸರಿನ ವಿಷಯಕ್ಕೆ ಬಂದಾಗ ನನಗೆ ಹಿರಿಯಡ್ಕ ನೆನಪಾಗುತ್ತದೆ. ಉಡುಪಿ ಜಿಲ್ಲೆಯ ಆ ಒಂದು ಊರು ಇಬ್ಬರು ದೊಡ್ಡ ಚರ್ಮವಾದ್ಯಗಾರರನ್ನು ಕೊಟ್ಟಿದೆ. ಒಬ್ಬರು ಯಕ್ಷಗಾನದ ಮದ್ದಳೆಗಾರ ಹಿರಿಯಡ್ಕ ಗೋಪಾಲ ರಾವ್, ನೂರು ವರ್ಷ ತುಂಬು ಬಾಳಿ 2020ರಲ್ಲಿ ತೀರಿಕೊಂಡವರು. ಇನ್ನೊಬ್ಬರು ಡೋಲು ವಾದಕ ಗುರುವ ಕೊರಗ. ಗೋಪಾಲ ರಾಯರ ಬೆರಳಿನ ಬಗ್ಗೆ, ಅವರು ಬೆಳೆಸಿದ ಏರುಮದ್ದಳೆಯ ಬಗ್ಗೆ ಕರಾವಳಿಯಲ್ಲಿ ಗಂಟೆಗಟ್ಟಲೆ ಮಾತಾಡುವವರಿದ್ದಾರೆ. ಇದೇ ಪೆಟ್ಟು, ಇದೇ ಮುಕ್ತಾಯ ಎಂದು ಗುರುತಿಸುವವರಿದ್ದಾರೆ. ಗುರುವ ಕೊರಗರಿಗೆ ಮುಪ್ಪಿನಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಪತ್ರಿಕೆಗಳಲ್ಲಿ ಚಿತ್ರ ಬಂತು. ಆ ಚಿತ್ರದ ಕೆಳಗೆ ಅವರ ವಯಸ್ಸು, ಬಡತನ ಇದ್ದಷ್ಟು ಅವರ ಡೋಲಿನ ಪೆಟ್ಟು ಇರಲಿಲ್ಲ. ಒಬ್ಬರ ಕೈಯನ್ನು ನಾವು ಕಲೆಯಾಗಿ ಕೇಳಿದೆವು, ಇನ್ನೊಬ್ಬರದನ್ನು ಸದ್ದಾಗಿ ಕೇಳಿದೆವು. ಕೇಳುವ ಕಿವಿಯಲ್ಲೇ ಜಾತಿ ಇದೆ ಎನ್ನದೆ ನನಗೆ ಬೇರೆ ದಾರಿ ಕಾಣುವುದಿಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಕೊರಗರ ಡೋಲು–ಕೊಳಲು ಎಂದರೆ ಬರಿಯ ಸಂಗೀತವಲ್ಲ. ಕೊಪ್ಪಗಳೆಂಬ ತಮ್ಮ ನೆಲೆಗಳಲ್ಲಿ ಬಾಳಿ, ಬೀಳು, ಬಿದಿರಿನಿಂದ ಬುಟ್ಟಿ ಹೆಣೆದು ಬದುಕಿದ ಈ ಜನರನ್ನು ಊರಿನವರು ಕರೆದದ್ದು ಡೋಲು ಬಡಿಯಲಿಕ್ಕೆ. ಜಾತ್ರೆಗೆ, ಸಾವಿಗೆ, ಕಂಬಳಕ್ಕೆ. ಕಂಬಳದ ಹಿಂದಿನ ರಾತ್ರಿ ‘ಪನಿಕುಲ್ಲುನಿ’ ಎಂದು, ಎಂದರೆ ಇಬ್ಬನಿಯಲ್ಲಿ ಕುಳಿತು, ಬೆಳಗಿನ ತನಕ ಡೋಲು ಬಡಿಯಬೇಕಿತ್ತು. ಅದರೊಂದಿಗೆ ಅಜಲು ಎಂಬ ಪದ್ಧತಿ ಬೆಸೆದುಕೊಂಡಿತ್ತು. ಬೇರೆಯವರ ಕೂದಲು, ಉಗುರು ಸೇರಿಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಪೀಡೆ ಕಳೆಯಿತೆಂದು ನಂಬುವ, ಕೋಣಗಳ ಬದಲು ಅವರನ್ನು ಗದ್ದೆಯಲ್ಲಿ ಓಡಿಸುವ ಅಮಾನುಷ ಪದ್ಧತಿ. ಕರ್ನಾಟಕ ಸರಕಾರ 2000ದಲ್ಲಿ ಕಾಯ್ದೆ ತಂದು ಅದನ್ನು ನಿಷೇಧಿಸಿತು. ಕೂಲಿ ಕೊಡದೆ ಅಥವಾ ಹೆಸರಿಗಷ್ಟೇ ಕೊಟ್ಟು ಕೊರಗರಿಂದ ಸೇವೆ ಪಡೆಯುವುದು, ಅವರನ್ನು ಮನುಷ್ಯರಿಗಿಂತ ಕೀಳೆಂದು ನಡೆಸಿಕೊಳ್ಳುವುದು ಅಪರಾಧವಾಯಿತು.

ಆದ್ದರಿಂದ ‘ಕೊರಗರ ಕೊಳಲನ್ನು ಉಳಿಸಬೇಕು’ ಎಂದು ಹೊರಗಿನವನೊಬ್ಬ ಸಭೆಯಲ್ಲಿ ಹೇಳುವಾಗ ಒಂದು ಗಳಿಗೆ ನಿಲ್ಲಬೇಕು. ಅಪ್ಪ ಡೋಲು ಹೆಗಲಿಗೇರಿಸಿಕೊಂಡು ಊರ ದೊಡ್ಡ ಮನೆಯ ಅಂಗಳದಾಚೆ ನಿಂತದ್ದನ್ನು ಕಂಡ ಮಗನಿಗೆ ಆ ಡೋಲು ಮುರಿದುಹೋದರೇ ಸಮಾಧಾನ. ಅದು ಅವನ ಹಕ್ಕು. ಕಲೆಯ ಹೆಸರಿನಲ್ಲಿ ಅವನನ್ನು ಮತ್ತೆ ಅದೇ ಅಂಗಳಕ್ಕೆ ಕರೆತರುವುದಾದರೆ ಆ ಕಲೆ ಹೋಗುವುದೇ ಲೇಸು. ಆದರೆ ಸಮುದಾಯದ ಒಳಗಿನಿಂದಲೇ ಇನ್ನೊಂದು ದನಿಯೂ ಎದ್ದಿದೆ. ಡೋಲು ಕೊಳಲು ಊರಿನವರು ಕೊಟ್ಟದ್ದಲ್ಲ, ನಮ್ಮದು. ಕೊಪ್ಪದಲ್ಲಿ ಸಂಜೆಯ ಹೊತ್ತು ನಮ್ಮ ಖುಷಿಗೆ ಊದಿದ್ದು, ನಮ್ಮ ಮದುವೆಗೆ ಕುಣಿದದ್ದು. ಚಾಕರಿಯನ್ನು ಬಿಡೋಣ, ವಾದ್ಯವನ್ನು ಯಾಕೆ ಬಿಡಬೇಕು? ಈ ಎರಡು ದನಿಗಳಲ್ಲಿ ಒಂದನ್ನು ಆರಿಸುವ ಅಧಿಕಾರ ನನಗಿಲ್ಲ. ಎರಡನೆಯದು ಇದೆ ಎಂದು ತಿಳಿದಾಗ ನನಗೆ ಧೈರ್ಯ ಬಂದದ್ದಂತೂ ನಿಜ.

ಆ ದನಿಯನ್ನು ಕೇಳಬೇಕಾದ ದಿನ ಆಗಸ್ಟ್ 18. ಭೂಮಿಗಾಗಿ 1993ರಲ್ಲಿ ನಡೆಸಿದ ಹೋರಾಟದ ನೆನಪಿಗೆ ಕೊರಗ ಸಂಘಟನೆಗಳು ಆ ದಿನ ಭೂಮಿ ಹಬ್ಬ ಆಚರಿಸುತ್ತವೆ. ಅಲ್ಲಿ ಡೋಲು ಬಡಿಯುವವರೂ ಅವರೇ, ಕುಣಿಯುವವರೂ ಅವರೇ, ಎದುರಿಗೆ ಕುಳಿತವರೂ ಅವರೇ. ನಡುವೆ ಡೋಲು, ಸುತ್ತ ಕುಣಿತದ ವರ್ತುಲ, ಮೇಲೆ ತೇಲುವ ಕೊಳಲು. ಯಾರ ಪೀಡೆಯನ್ನೂ ಕಳೆಯಲಿಕ್ಕಾಗಿ ಊದುವ ಕೊಳಲಲ್ಲ ಅದು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 15,000ಕ್ಕಿಂತ ಕಡಿಮೆ. ಅಷ್ಟು ಸಣ್ಣ ಸಮುದಾಯದಲ್ಲಿ ಕೊಳಲು ಬಲ್ಲ ಹಿರಿಯರು ಎಷ್ಟು ಮಂದಿ ಇರಬಹುದೆಂದು ಓದುಗರೇ ಅಂದಾಜಿಸಬಹುದು.

ಒಬ್ಬ ಊದುವವನ ಸಂಗೀತವನ್ನು ಅವನ ಹೆಸರಿನಲ್ಲೇ ಉಳಿಸಿದ ಉದಾಹರಣೆ ಬೇಕಾದರೆ ಐರ್ಲೆಂಡಿನ ಕಡೆ ನೋಡಬೇಕು. ಅಲ್ಲಿನ ತಗಡಿನ ಪೀಪಿ ನಮ್ಮ ಜಾತ್ರೆಯ ಪೀಪಿಗಿಂತ ದೊಡ್ಡ ವಾದ್ಯವೇನಲ್ಲ. ಇಂಗ್ಲೆಂಡಿನ ಸಫೋಕ್ ಸೀಮೆಯ ರಾಬರ್ಟ್ ಕ್ಲಾರ್ಕ್ ಎಂಬ ಬೇಸಾಯದ ಆಳು 1843ರ ಸುಮಾರಿಗೆ ತಗಡು ಸುತ್ತಿ, ಆರು ತೂತು ಕೊರೆದು ಮಾರಲು ಹೊರಟ ಅಗ್ಗದ ವಸ್ತು. ರಥಸಪ್ತಮಿಯ ಕೊಡಿಯಾಲ್ ತೇರಿನ ದಿನ ಕಾರ್‌ಸ್ಟ್ರೀಟಿನಲ್ಲಿ ಮಕ್ಕಳ ಕೈಗೆ ಬರುವ ಪೀಪಿಯ ಜಾತಿಯದೇ. ಆದರೆ ಐರ್ಲೆಂಡಿನ ಹಳ್ಳಿಗರು ಅದನ್ನು ಹಿಡಿದು ತಮ್ಮ ಕುಣಿತದ ಧಾಟಿಗಳನ್ನೆಲ್ಲ ಅದರೊಳಗೆ ಇಳಿಸಿದರು.

ಕ್ಲೇರ್ ಸೀಮೆಯ ಡೂಲಿನ್ ಎಂಬ ಕಡಲಂಚಿನ ಹಳ್ಳಿಯ ಮಿಕೊ ರಸೆಲ್ ಅಂಥವರಲ್ಲೊಬ್ಬರು. 1915ರಲ್ಲಿ ಹುಟ್ಟಿದ ರೈತ. ಸೋದರರಾದ ಪ್ಯಾಕಿ, ಗಸಿ ಇಬ್ಬರೂ ನುಡಿಸುವವರೇ. ಮಿಕೊ ಅವರ ಊದುವಿಕೆಯಲ್ಲಿ ಬೆರಳಿನ ಚಮತ್ಕಾರ ಕಡಿಮೆ. ಧಾಟಿಯನ್ನು ಬರಿದಾಗಿಸಿ, ಎಲುಬು ಕಾಣುವಂತೆ ಊದುತ್ತಿದ್ದರು. ಪ್ರತಿ ಧಾಟಿಯ ಮೊದಲು ಅದು ಯಾರಿಂದ ಬಂತು, ಯಾರ ಮನೆಯಲ್ಲಿ ಕೇಳಿದ್ದು ಎಂದು ಕತೆ ಹೇಳುತ್ತಿದ್ದರು. 1973ರಲ್ಲಿ ಅಖಿಲ ಐರ್ಲೆಂಡ್ ಸ್ಪರ್ಧೆಯಲ್ಲಿ ಗೆದ್ದರು. ತಾವು ಬಲ್ಲ ಧಾಟಿಗಳ ಒಂದು ಪುಸ್ತಕ ತಂದರು. 1994ರ ಫೆಬ್ರವರಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಡೂಲಿನ್‌ನಲ್ಲಿ ಅವರ ಹೆಸರಿನಲ್ಲಿ ಜನ ಸೇರುತ್ತಾರೆ, ಕಲಿಸುತ್ತಾರೆ, ಊದುತ್ತಾರೆ.

ಇದು ತಾನಾಗಿ ಆದದ್ದಲ್ಲ. ಅಲ್ಲಿ 1935ರಲ್ಲೇ ಜಾನಪದ ಆಯೋಗ ಹುಟ್ಟಿತ್ತು. ಶೇಮಸ್ ಎನಿಸ್ ಎಂಬ ಸಂಗ್ರಹಕಾರ 1942ರಿಂದ 1947ರ ವರೆಗೆ ಸೈಕಲ್ ತುಳಿದುಕೊಂಡು ಪಡುವಣ ಹಳ್ಳಿಗಳಲ್ಲಿ ಧಾಟಿ ಬರೆದುಕೊಂಡರು. ಅವರು ಸ್ವತಃ ವಾದಕರು, ಆದ್ದರಿಂದ ಕೇಳಿದ್ದನ್ನು ತಿರುಗಿ ಊದಿ ತೋರಿಸಿ, ಸರಿಯೇ ಎಂದು ಹಳ್ಳಿಗರನ್ನೇ ಕೇಳಬಲ್ಲವರಾಗಿದ್ದರು. ಧಾಟಿಯ ಪಕ್ಕದಲ್ಲಿ ಕೊಟ್ಟವರ ಹೆಸರು. 1987ರಲ್ಲಿ ಡಬ್ಲಿನ್ನಿನಲ್ಲಿ ಸಾಂಪ್ರದಾಯಿಕ ಸಂಗೀತಕ್ಕಾಗಿಯೇ ಒಂದು ಸಂಗ್ರಹಾಲಯ ಆಯಿತು. ಬಡ ರೈತನೊಬ್ಬನ ಪೀಪಿಗೆ ದೇಶದ ರಾಜಧಾನಿಯಲ್ಲಿ ಒಂದು ಕಪಾಟು, ಅದರ ಮೇಲೆ ಅವನ ಹೆಸರು. ನಾನು ಬಯಸುವುದು ಇಷ್ಟೇ. ಐರ್ಲೆಂಡಿನ ರೈತನ ಬೆನ್ನ ಮೇಲೆ ಅಜಲಿನಂಥ ಹೊರೆ ಇರಲಿಲ್ಲ ಎಂಬುದು ಗೊತ್ತು. ಹಾಗೆಂದು ಕೊರಗ ಕೊಳಲುಗಾರರಿಗೆ ಅವರಿಗಿಂತ ಕಡಿಮೆ ಗೌರವ ಸಾಕೆಂದು ಅರ್ಥವಲ್ಲ.

ಮುದ್ರಣದ ಕೆಲಸಕ್ಕೆ ಇಳಿಯುವವರಿಗೆ ಕೆಲವು ಪ್ರಾಯೋಗಿಕ ಮಾತು. ಇಂದು ಎಲ್ಲರ ಕೈಯಲ್ಲಿ ಮೊಬೈಲ್ ಇದೆ, ಯೂಟ್ಯೂಬಿನಲ್ಲಿ ಡೋಲು ಕುಣಿತದ ವೀಡಿಯೊಗಳಿಗೆ ಬರವಿಲ್ಲ. ಅವುಗಳಲ್ಲಿ ಕೊಳಲನ್ನು ಹುಡುಕಿ ನೋಡಿ. ಡೋಲಿನ ಪೆಟ್ಟು ಬಿದ್ದೊಡನೆ ಮೊಬೈಲು ತಾನಾಗಿ ಧ್ವನಿಮಟ್ಟ ತಗ್ಗಿಸುತ್ತದೆ, ಕೊಳಲು ಮುಳುಗುತ್ತದೆ. ಪೆಟ್ಟಿನ ನಡುವೆ ಅರೆಗಳಿಗೆ ತಲೆ ಎತ್ತಿ ಮತ್ತೆ ಮುಳುಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ಉಳಿದ ನಾದವೂ ಸವೆಯುತ್ತದೆ. ಕೊಳಲಿಗೆ ಬೇರೆ ಮೈಕು, ಡೋಲಿಗೆ ಬೇರೆ ಮೈಕು ಬೇಕು. ಕುಣಿತದ ಜತೆಗೆ ಒಮ್ಮೆ, ಕೊಳಲೊಂದನ್ನೇ ಇನ್ನೊಮ್ಮೆ ಮುದ್ರಿಸಬೇಕು. ಒಂದೇ ಧಾಟಿಯನ್ನು ಬೇರೆ ಬೇರೆ ದಿನ ಊದಿಸಬೇಕು. ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂಬುದರಲ್ಲೇ ಆ ಊದುವವರ ಮನಸ್ಸು ಕಾಣುತ್ತದೆ. ಬೆರಳುಗಳನ್ನು ಹತ್ತಿರದಿಂದ ಚಿತ್ರೀಕರಿಸಬೇಕು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದು ಗಮನಿಸಬೇಕು.

ಕೊಳಲನ್ನೂ ಅಳೆಯಬೇಕು. ಉದ್ದ, ಒಳಗಿನ ಅಗಲ, ತೂತಿನಿಂದ ತೂತಿಗೆ ದೂರ, ಬಿದಿರು ಯಾವುದು, ಯಾವ ತಿಂಗಳಲ್ಲಿ ಕಡಿದದ್ದು, ಹೇಗೆ ಒಣಗಿಸಿದ್ದು. ಬಿದಿರು ಬಿರುಕು ಬಿಡುತ್ತದೆ, ಕೊಳಲು ಸಾಯುತ್ತದೆ. ಅಳತೆ ಇದ್ದರೆ ಇನ್ನೊಂದು ಹುಟ್ಟಬಹುದು. ಕುರುವೆ ಎಂಬ ಬುಟ್ಟಿ ಹೆಣೆಯುವ ಕೈಗೆ ಬಿದಿರಿನ ಗುಣ ಗೊತ್ತು, ಆ ತಿಳಿವಳಿಕೆಯೂ ಸಂಗೀತದ ಭಾಗವೇ. ಇನ್ನು ಸ್ವರ. ಇಂಥ ಕೊಳಲಿನ ಸ್ವರಗಳು ಹಾರ್ಮೋನಿಯಂ ಮನೆಗಳಲ್ಲಿ ಕೂರುವುದಿಲ್ಲ. ಅದನ್ನು ಸರಿಗಮದಲ್ಲಿ ಬರೆದು ಕೀಬೋರ್ಡಿನಲ್ಲಿ ನುಡಿಸಿದರೆ ಶ್ರುತಿಶುದ್ಧವಾದ ಬೇರೊಂದು ವಸ್ತು ಬರುತ್ತದೆ. ಕುತ್ತಾರಿನಲ್ಲಿರುವ, ಕೊರಗರ ದೈವ ಕೊರಗಜ್ಜನ ಕಟ್ಟೆಗಳಿಗೆ ಇಂದು ಎಲ್ಲ ಜಾತಿಯವರೂ ಚಕ್ಕುಲಿ, ಬೀಡ ಹಿಡಿದುಕೊಂಡು ಬರುತ್ತಾರೆ. ಅಜ್ಜನ ಮೇಲಿನ ಭಕ್ತಿಗೀತೆಗಳು ಬೇಕಾದಷ್ಟಿವೆ. ನಾನು ಕೇಳಿದವುಗಳಲ್ಲಿ ಹೆಚ್ಚಿನವು ಕೀಬೋರ್ಡಿನ ಕೊಳಲಿನವು. ಕೊರಗರ ದೈವಕ್ಕೆ ಕೊರಗರ ಕೊಳಲನ್ನೇ ಊದಿಸುವ, ಊದಿದವರಿಗೆ ಸರಿಯಾದ ಸಂಭಾವನೆ ಕೊಡುವ, ಹೊದಿಕೆಯ ಮೇಲೆ ಅವರ ಹೆಸರು ಹಾಕುವ ಒಂದು ಧ್ವನಿಸಂಪುಟ ಬರಬಾರದೆ?

ಇಟ್ಟುಕೊಳ್ಳುವುದು ಮುದ್ರಿಸುವುದಕ್ಕಿಂತ ದೊಡ್ಡ ಕೆಲಸ. ನಮ್ಮದು ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಸುರಿಯುವ ಊರು. ಜೂನಿನಿಂದ ಸೆಪ್ಟೆಂಬರಿನ ತನಕ ಗೋಡೆಯೇ ಬೆವರುತ್ತದೆ. ಟೇಪಿನ ಮೇಲಿನ ಕಾಂತಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಸಡಿಲವಾಗುತ್ತದೆ, ಮೇಲೆ ಬೂಸ್ಟು ಬೆಳೆಯುತ್ತದೆ. ಕರಾವಳಿಯ ಮನೆಮನೆಗಳಲ್ಲಿ, ಕಾಲೇಜುಗಳಲ್ಲಿ, ಸಂಘಗಳಲ್ಲಿ ಎಂಬತ್ತು ತೊಂಬತ್ತರ ದಶಕದ ಕ್ಯಾಸೆಟ್‌ಗಳು ಎಷ್ಟೋ ಮಳೆಗಾಲ ಕಂಡಿವೆ. ಅವನ್ನು ಅವಸರದಲ್ಲಿ ಎಂಪಿ3 ಮಾಡಿ ಮೂಲವನ್ನು ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದ ಮಾರ್ಗದರ್ಶಿ ಹೇಳುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಹಳೆಯ ಟೇಪಿಗೆ 96 ಆದರೆ ಇನ್ನೂ ಒಳ್ಳೆಯದು. ಒಂದು ಪ್ರತಿ ಮಂಗಳೂರಿನಲ್ಲಿ, ಇನ್ನೊಂದು ಮಳೆ ಕಡಿಮೆಯ ಊರಿನಲ್ಲಿ, ಮೂರನೆಯದು ಊದಿದವರ ಮನೆಯಲ್ಲಿ. ಈ ಮೂರನೆಯದನ್ನು ಮರೆಯುವವರೇ ಹೆಚ್ಚು.

ಮನೆಯವರಿಗೆ ಕೊಡುವುದು ಉಪಕಾರವಲ್ಲ, ಕಾನೂನಿನ ದನಿಯೂ ಅದೇ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ಈಗ ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಹೋಗಿ, ಪ್ರದರ್ಶಕರಿಗೆ ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕನ್ನೂ, ಪ್ರದರ್ಶನವನ್ನು ತಮ್ಮ ಮಾನಕ್ಕೆ ಕುಂದು ತರುವಂತೆ ತಿರುಚಿದರೆ ತಡೆಯುವ ಹಕ್ಕನ್ನೂ ಕೊಟ್ಟಿತು. ಕಾಯ್ದೆ ಓದುವಾಗ ನನಗೆ ಮತ್ತೆ ಆ ನೀಲಿ ಶಾಯಿಯ ಚೀಟಿ ನೆನಪಾಯಿತು. ಮುದ್ರಿಸುವ ಮೊದಲು ಒಪ್ಪಿಗೆ ಕೇಳಬೇಕು, ಯಾವುದನ್ನು ಹೊರಗೆ ಕೇಳಿಸಬಹುದು, ಯಾವುದು ಕೊಪ್ಪದ ಒಳಗೇ ಇರಬೇಕು ಎಂದು ಅವರನ್ನೇ ಕೇಳಬೇಕು. ಸಾವಿನ ಧಾಟಿಯನ್ನು ವೇದಿಕೆಯ ಮೇಲೆ ಊದಿಸಬಾರದು ಎಂದರೆ ಊದಿಸಬಾರದು. ಬೇಡ ಎನ್ನುವ ಅಧಿಕಾರವೂ ಊದುವವರಿಗೆ ಇರಬೇಕು.

ಇಷ್ಟಾದ ಮೇಲೂ ಕಲಿಯುವವರಿಲ್ಲದೆ ಯಾವುದೂ ಉಳಿಯುವುದಿಲ್ಲ. ಇದಕ್ಕೆ ಮಂಗಳೂರಿನಲ್ಲೇ ಮಾದರಿ ಇದೆ. ಎರಿಕ್ ಒಝೇರಿಯೊ 1986ರಲ್ಲಿ ಕಟ್ಟಿದ ಮಾಂಡ್ ಸೊಭಾಣ್ ಕೊಂಕಣಿ ಹಾಡು, ಗುಮಟೆಗಳನ್ನು ಎತ್ತಿಕೊಂಡು ಶಕ್ತಿನಗರದ ಕಲಾಂಗಣದಲ್ಲಿ ಎಳೆಯರ ಕೈಗೆ ಕೊಟ್ಟಿತು. ಒಮ್ಮೆ ನಾಚಿಕೆಯ ವಸ್ತುವಾಗಿದ್ದ ಗುಮಟೆ ಹೆಮ್ಮೆಯ ವಸ್ತುವಾಯಿತು. ಅದನ್ನು ಮಾಡಿದವರು ಆ ಭಾಷೆಯ ಜನರೇ ಎಂಬುದನ್ನು ಗಮನಿಸಬೇಕು. ಕೊರಗರಲ್ಲೂ ಈಗ ಓದಿದವರಿದ್ದಾರೆ. ಸಬಿತಾ ಗುಂಡ್ಮಿಯವರಂಥವರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ್ದಾರೆ. ಡೋಲು–ಕೊಳಲಿನ ತಂಡಗಳನ್ನು ಸಮುದಾಯದ ಯುವಕರೇ ಕಟ್ಟಿಕೊಂಡಿದ್ದಾರೆ. ಹೊರಗಿನ ನಾವು ಮಾಡಬಹುದಾದದ್ದು ಮೈಕು ಕೊಡುವುದು, ಕಲಿಸುವ ಹಿರಿಯರಿಗೆ ತಿಂಗಳ ಗೌರವಧನ ಸಿಗುವಂತೆ ನೋಡಿಕೊಳ್ಳುವುದು, ಹಳೆಯ ಪೆಟ್ಟಿಗೆಗಳನ್ನು ತೆರೆದು ಅವರ ಮುಂದೆ ಇಡುವುದು. ಎಂಟು ದಿನದ ಶಿಬಿರ, ಕೊನೆಗೊಂದು ಸಮಾರೋಪ, ಶಾಲು ಹೊದಿಸುವುದು, ಇದರಿಂದ ಕೊಳಲು ಬರುವುದಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ಎರಡು ಮಳೆಗಾಲ ಕಳೆಯಬೇಕು.

ನಾನು ಕೇಳಿದ ಆ ಕ್ಯಾಸೆಟ್ ಈಗ ಒಣ ಪೆಟ್ಟಿಗೆಯಲ್ಲಿದೆ, ಒಂದು ಪ್ರತಿಯೂ ಆಗಿದೆ. ಧಾಟಿಗಳ ನಡುವೆ ಬರುವ ಆ ಮಾತುಗಳನ್ನು ಹಲವು ಸಲ ಕೇಳಿದೆ. ತುಳುವಲ್ಲ ಎಂದಾದರೆ ಅದು ಕೊರಗರ ಸ್ವಂತ ನುಡಿಯೇ ಇರಬೇಕು. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಆ ನುಡಿಯ ಮೇಲೆ ಪುಸ್ತಕ ಬರೆದಿದ್ದಾರೆ. ಹೊರಗಿನವರ ಮುಂದೆ ಕೊರಗರು ಅದನ್ನು ಆಡುವುದು ಅಪರೂಪ, ಹೊಸಬರಲ್ಲಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಊದಿದವರು ಮೈಕಿನ ಎದುರು ತಮ್ಮವರೊಡನೆ ಅದರಲ್ಲೇ ಮಾತಾಡಿದ್ದಾರೆ, ಉತ್ತರವಾಗಿ ಯಾರೋ ಅವರನ್ನು ಕರೆದಂತೆಯೂ ಕೇಳುತ್ತದೆ. ಕರೆದದ್ದು ಹೆಸರು ಹಿಡಿದೇ ಇರಬಹುದು. ಈ ಆಗಸ್ಟ್ 18ಕ್ಕೆ, ಸಮುದಾಯದವರು ಒಪ್ಪಿದರೆ, ಆ ನುಡಿ ಬಲ್ಲ ಹಿರಿಯರೊಬ್ಬರ ಮುಂದೆ ಕುಳಿತು ಆ ಅರೆನಿಮಿಷವನ್ನು ಮತ್ತೆ ಮತ್ತೆ ಹಾಕಿ ಕೇಳಿಸಬೇಕೆಂದಿದ್ದೇನೆ.